ಕೌದಿಯೊಳಗೆ ಆರಿದ ಕಪ್ಪು

ಅಕ್ಕ ತೀರಿಕೊಂಡ ಮೇಲೆ ಅವರ ಬಗ್ಗೆ ನಮ್ಮ ಕಂಪನಿಯಲ್ಲಿ ಒಂದೇ ಮಾತು. ಅವರ ಕೈಗುಣವೇ ಬೇರೆ ಇತ್ತಂತೆ. ಅವರು ಮಾಡಿದ ಬ್ಯಾಚು ಎಂದೂ ಕೆಡುತ್ತಿರಲಿಲ್ಲವಂತೆ. ಆ ಗುಟ್ಟನ್ನು ಯಾರಿಗೂ ಬಿಟ್ಟುಕೊಡದೆ ಹೋದರಂತೆ. ಕ್ಯಾಂಟೀನಿನಲ್ಲಿ ಅವರ ಫೋಟೋ ಇಟ್ಟು ಎರಡು ನಿಮಿಷ ಎದ್ದು ನಿಂತ ದಿನ ನಮ್ಮ ಮ್ಯಾನೇಜರ್ ಕೂಡ ಇದನ್ನೇ ಹೇಳಿದರು. “ಅವರ ಆರ್ಟ್ ಅವರ ಜೊತೇನೇ ಹೋಯ್ತು” ಅಂದರು. ಎಲ್ಲರೂ ತಲೆಯಾಡಿಸಿದರು. ಆಮೇಲೆ ಚಹಾ ಬಂತು.

ನಾನು ಇದನ್ನು ಒಪ್ಪುವುದಿಲ್ಲ. ಕಾಲೇಜಿನ ಐದೂ ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಬಂದವಳು ನಾನು. ‘ಅಂತೆ’ ಕಿವಿಗೆ ಬಿದ್ದರೆ ‘ಯಾರು ನೋಡಿದ್ದು?’ ಎಂದು ಕೇಳುವುದು ಅಭ್ಯಾಸವಾಗಿಬಿಟ್ಟಿದೆ. ಕೈಗುಣದಿಂದ ಸಾರಿನ ರುಚಿ ಬದಲಾದೀತು. ಕಬ್ಬಿಣದ ಕಣಕ್ಕೆ ತನ್ನನ್ನು ಮುಟ್ಟಿದ ಕೈ ಯಾರದೆಂದು ತಿಳಿಯುವುದಿಲ್ಲ. ಇನ್ನು ಗುಟ್ಟಿನ ವಿಷಯ. ಗುಟ್ಟು ಇತ್ತು, ನಿಜ. ಆದರೆ ಅದನ್ನು ಮುಚ್ಚಿಟ್ಟವರು ಅಕ್ಕ ಅಲ್ಲ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಅತ್ತಿಬೆಲೆಯ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಸಣ್ಣ ಕಂಪನಿ. ಒಂದು ಬಗೆಯ ಕಪ್ಪು ದ್ರವ ತಯಾರಿಸುತ್ತೇವೆ. ನೋಡಲು ಬಳಸಿ ಬಿಟ್ಟ ಎಂಜಿನ್ ಆಯಿಲ್‌ನಂತೆ ಇರುತ್ತದೆ. ಕೆಳಗೆ ಅಯಸ್ಕಾಂತ ಹಿಡಿದರೆ ಮೈಯೆಲ್ಲ ಮುಳ್ಳೆದ್ದು ನಿಲ್ಲುತ್ತದೆ, ತೆಗೆದರೆ ಸುಮ್ಮನೆ ಮಲಗುತ್ತದೆ. ಯಂತ್ರದ ತಿರುಗುವ ದಂಡದ ಸುತ್ತ ಇದನ್ನು ಅಯಸ್ಕಾಂತದಿಂದ ಹಿಡಿದು ನಿಲ್ಲಿಸಿದರೆ ಒಳಗೆ ಧೂಳು ಹೋಗುವುದಿಲ್ಲ. ಅದರೊಳಗೆ ಇರುವುದು ಕಬ್ಬಿಣದ ಆಕ್ಸೈಡಿನ ಕಣಗಳು. ಕೂದಲೆಳೆಯನ್ನು ಸಾವಿರಾರು ಸಲ ಸೀಳಿದರೆ ಸಿಗುವಷ್ಟು ಸಣ್ಣವು. ಬಿಟ್ಟರೆ ಒಂದಕ್ಕೊಂದು ಅಂಟಿಕೊಂಡು ತಳದಲ್ಲಿ ಕೂರುತ್ತವೆ. ಕೂತರೆ ಮುಗಿಯಿತು, ಮೇಲೆ ಬರೀ ಎಣ್ಣೆ, ಕೆಳಗೆ ಕೆಸರು.

ಕೂರದಂತೆ ತಡೆಯಲು ಪ್ರತಿ ಕಣಕ್ಕೂ ಒಂದು ಹೊದಿಕೆ ಬೇಕು. ನಾವು ಬಳಸುವುದು ಮರದಂತೆ ಕವಲೊಡೆದ ಒಂದು ಪಾಲಿಮರ್. ಅದರ ಕವಲುಗಳ ತುದಿಯಲ್ಲಿ ಲಿಕ್ವಿಡ್ ಕ್ರಿಸ್ಟಲ್, ಅಂದರೆ ಟಿವಿ ಪರದೆಯೊಳಗೆ ಇರುವ ಜಾತಿಯ ವಸ್ತು. ಕಾದಾಗ ಆ ತುದಿಗಳು ಬಸ್ ಸ್ಟ್ಯಾಂಡಿನ ಜನರಂತೆ ದಿಕ್ಕಿಗೊಂದು ತಿರುಗಿರುತ್ತವೆ. ಆರುತ್ತ ಬಂದಂತೆ ಒಂದೇ ದಿಕ್ಕಿಗೆ ಮುಖ ಮಾಡಿ ಸಾಲಾಗುತ್ತವೆ. ಇಷ್ಟನ್ನು ನಾನು ಎಂಎಸ್ಸಿಯಲ್ಲಿ ಓದಿಕೊಂಡೇ ಬಂದಿದ್ದೆ. ಓದಿದ್ದೇ ಸಾಕು ಎಂದುಕೊಂಡಿದ್ದೆ.

ಅಕ್ಕ ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್. ರಾಣೆಬೆನ್ನೂರು ಕಡೆಯವರು. ಗಂಡ ಲೇತ್ ಕೆಲಸಕ್ಕೆಂದು ಬೊಮ್ಮನಹಳ್ಳಿಗೆ ಬಂದಾಗ ಜೊತೆಯಲ್ಲಿ ಬಂದವರು, ಬಿಎಸ್ಸಿ ಮುಗಿಸಿದ್ದರಿಂದ ಇಲ್ಲಿ ಸೇರಿದರು, ಬಾಡಿಗೆ ಕಡಿಮೆ ಎಂದು ಚಂದಾಪುರಕ್ಕೆ ಮನೆ ಬದಲಿಸಿದರು. ನನ್ನ ಪಿಜಿಯೂ ಚಂದಾಪುರದಲ್ಲೇ. ಕಂಪನಿ ಬಸ್ಸಿನಲ್ಲಿ ಅವರ ಪಕ್ಕದ ಸೀಟು ನನ್ನದು. ಹಣೆಯಲ್ಲಿ ವಿಭೂತಿ, ಉಗುರಿನ ಸಂದಿನಲ್ಲಿ ತೊಳೆದರೂ ಹೋಗದ ಕಪ್ಪು. ಚೀಲದಲ್ಲಿ ಸದಾ ಒಂದು ದೊಡ್ಡ ಅಯಸ್ಕಾಂತ. ಕೂತ ಕೂಡಲೇ ಚೀಲ ಸೀಟಿನ ಕಬ್ಬಿಣಕ್ಕೆ ಟಪ್ಪೆಂದು ಅಂಟಿಕೊಳ್ಳುತ್ತಿತ್ತು. ಇಳಿಯುವಾಗ ಎರಡೂ ಕೈಯಲ್ಲಿ ಎಳೆದು ಬಿಡಿಸಿಕೊಳ್ಳಬೇಕು. “ಅಕ್ಕಾ, ಬಸ್ಸು ಮಾತ್ರ ಬಿಟ್ಟೋಗಿ, ಸಂಜೆ ಬೇಕು” ಎಂದು ಡ್ರೈವರ್ ರೇಗಿಸುತ್ತಿದ್ದ.

“ಇದನ್ನ ಮನೆಗೆ ಯಾಕೆ ತಗೊಂಡು ಹೋಗ್ತೀರಿ?” ಎಂದು ಒಮ್ಮೆ ಕೇಳಿದೆ.

“ಲ್ಯಾಬಿನ್ಯಾಗ ಬಿಟ್ರ ಯಾರರ ಒಯ್ತಾರವ್ವಾ. ಹಿಂದ ಒಮ್ಮೆ ಫ್ರಿಜ್ಜಿಗೆ ಕ್ಯಾಲೆಂಡರ್ ಅಂಟಿಸಾಕ ಒಯ್ದಿದ್ರು.”

ನಾನು ಸೇರಿದ ಮೊದಲ ವಾರ ನನ್ನ ಪಕ್ಕದ ಬೆಂಚಿನ ಕಿರಣ್ ಗಂಭೀರವಾಗಿ ಹೇಳಿದ. “ಅಕ್ಕನ ಬ್ಯಾಚ್ ಯಾಕೆ ಕೂರಲ್ಲ ಗೊತ್ತಾ? ವಿಭೂತಿ ಹಾಕ್ತಾರೆ ಗುರು. ಪಕ್ಕಾ.”

“ನೀನು ನೋಡಿದ್ಯಾ?”

“ನೋಡಿಲ್ಲ. ಆದ್ರೆ ಫ್ಲಾಸ್ಕ್‌ಗೆ ಹಾಸಿಗೆ ಹಾಸೋದು ನೋಡಿದೀನಿ. ನೀನೂ ನೋಡು.”

ನೋಡಿದೆ. ಕಾಯಿಸುವ ಕೆಲಸ ಮುಗಿದ ಮೇಲೆ ಉಳಿದವರೆಲ್ಲ ಫ್ಲಾಸ್ಕನ್ನು ಹಾಗೇ ಬೆಂಚಿನ ಮೇಲೆ ಆರಲು ಬಿಡುತ್ತಿದ್ದರು. ಗಡಿಬಿಡಿ ಇದ್ದರೆ ನೀರಿನ ತೊಟ್ಟಿಗೆ ಇಳಿಸುತ್ತಿದ್ದರು. ಕಾರ್ಯವಿಧಾನದ ಪುಸ್ತಕದಲ್ಲಿ ಇದ್ದದ್ದು ಒಂದೇ ಸಾಲು: ‘ಕೋಣೆಯ ಉಷ್ಣತೆಗೆ ಆರಿಸಿ.’ ಅಕ್ಕ ಮಾತ್ರ ಕಪಾಟಿನಿಂದ ಒಂದು ಕೌದಿ ತೆಗೆಯುತ್ತಿದ್ದರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲಿ ಹೊಲಿದ, ಮಗುವಿಗೆ ಹೊದಿಸುವಷ್ಟು ಚಿಕ್ಕದು. ಫ್ಲಾಸ್ಕಿನ ಬುಡದಿಂದ ಕತ್ತಿನವರೆಗೆ ಸುತ್ತಿ, ದಾರ ಕಟ್ಟಿ, ಮೂಲೆಯ ಮರಳಿನ ಬಕೆಟ್ಟಿನಲ್ಲಿ ಇಡುವರು. ಮರುದಿನವೇ ಬಿಚ್ಚುವುದು.

“ಯಾಕಕ್ಕ ಇದು?”

“ಥಂಡಿ ಬಡೀಬಾರ್ದವ್ವಾ ಅದಕ್ಕ.”

ಸುತ್ತ ಇದ್ದವರು ನಕ್ಕರು. ಅಕ್ಕನೂ ನಕ್ಕರು. ಆ ನಗು ನೋಡಿಯೇ ನಾನು ತಪ್ಪು ತಿಳಿದದ್ದು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ, ಇಲ್ಲವೇ ಮೂಢನಂಬಿಕೆ ಅಂದುಕೊಂಡೆ. ಮೂರನೆಯ ಸಾಧ್ಯತೆ ಇದೆಯೆಂದು ನನಗೆ ಹೊಳೆಯಲಿಲ್ಲ.

ಜಗಳವಾಡದೆ ನನ್ನೊಡನೆ ವಾದ ಮಾಡಿದ ಒಬ್ಬರೇ ವ್ಯಕ್ತಿ ಅವರು. ನಾನು ಪ್ರೂಫ್ ಎಲ್ಲಿ ಎಂದರೆ ಕಿಟಕಿಯ ಪಕ್ಕದ ಗೂಡಿನತ್ತ ಕೈ ತೋರಿಸುವರು. ಪ್ರತಿ ಬ್ಯಾಚಿನಿಂದ ಒಂದು ಸಣ್ಣ ಸೀಸೆ ತುಂಬಿಸಿ, ತಮ್ಮ ದುಂಡನೆಯ ಅಕ್ಷರದಲ್ಲಿ ಚೀಟಿ ಅಂಟಿಸಿ, ಅಲ್ಲಿ ಸಾಲಾಗಿ ಇಟ್ಟಿದ್ದರು. ಬೆಳಿಗ್ಗೆ ಬಂದ ಕೂಡಲೇ ಅವರು ಮೊದಲು ಮಾಡುವ ಕೆಲಸ ಅದು: ಸೀಸೆ ಎತ್ತಿ, ತಲೆಕೆಳಗು ಮಾಡಿ, ಮೊಬೈಲಿನ ಟಾರ್ಚು ಬಿಟ್ಟು ತಳ ನೋಡುವುದು.

“ನಿನ್ನ ಪ್ರಶ್ನೆಗೆ ಉತ್ತರ ಹೇಳಾಕ ನಂಗ ಬರಂಗಿಲ್ಲ. ಅದಕ್ಕ ಬರ್ತೈತಿ. ಆರು ತಿಂಗಳು ಕಾಯಿ. ಕುಂತ್ರ ನಾ ಸುಳ್ಳಿ. ಕುಂದರಲಿಲ್ಲಂದ್ರ ನೀ ನಂಗ ಚಾ ಕುಡಸು.”

“ಆರು ತಿಂಗಳು ಯಾರಕ್ಕ ಕಾಯ್ತಾರೆ?”

“ಅದಾ ಮತ್ತ. ಅವಸರ ಮಾಡಿದ್ರ ಕುಂತ್‌ಬಿಡ್ತೈತಿ.”

ಚರ್ಚೆಯಲ್ಲಿ ಎದುರಾಳಿಗೆ ಏಳು ನಿಮಿಷ ಸಿಗುತ್ತದೆ. ಆರು ತಿಂಗಳು ಕೇಳುವ ಎದುರಾಳಿಯನ್ನು ನಾನು ನೋಡಿರಲಿಲ್ಲ.

ನಾನು ಸೇರಿ ವರ್ಷ ತುಂಬುವ ಹೊತ್ತಿಗೆ ಒಂದು ದೊಡ್ಡ ಗಿರಾಕಿ ಕಂಪನಿಯಿಂದ ಗುಣಮಟ್ಟ ಪರಿಶೀಲಿಸಲು ಒಬ್ಬರು ಬರುವವರಿದ್ದರು. ಅವರು ಒಪ್ಪಿದರೆ ನಮಗೆ ಮೂರು ವರ್ಷದ ಆರ್ಡರು. ಪ್ರತಿ ಹಂತವೂ ಬರಹದಲ್ಲಿರಬೇಕು. ಮ್ಯಾನೇಜರ್ ಆ ಕೆಲಸ ನನಗೆ ಒಪ್ಪಿಸಿದರು. “ನೀನು ಚೆನ್ನಾಗಿ ಮಾತಾಡ್ತೀಯಮ್ಮ, ಪ್ರೆಸೆಂಟೇಷನ್ ನೀನೇ ಮಾಡು” ಅಂದರು. ಪಟ್ಟಿ ಮಾಡುತ್ತ ಹೋದಾಗ ಬರಹದಲ್ಲಿ ಇಲ್ಲದ ಹಂತ ಒಂದೇ ಒಂದು ಸಿಕ್ಕಿತು. ಕೌದಿ.

ಪರಿಶೀಲನೆಗೆ ಬಂದವರೆದುರು ಸಭೆ ಇಡೀ ಇಂಗ್ಲಿಷಿನಲ್ಲಿ ನಡೆಯಿತು. ಥಟ್ಟನೆ ಹೊತ್ತಿಕೊಳ್ಳುವ ಸಾಲ್ವೆಂಟು ಇರುವ ಬಿಸಿ ಫ್ಲಾಸ್ಕಿಗೆ ಬಟ್ಟೆ ಸುತ್ತುವುದು ಬೆಂಕಿಗೆ ಆಹ್ವಾನ ಎಂದೆ. ಒಬ್ಬರು ಮಾತ್ರ ಮಾಡುವ ಹಂತವನ್ನು ಹಂತ ಎನ್ನಲಾಗದು ಎಂದೆ. ಎರಡೂ ಮಾತು ಸರಿ, ಇವತ್ತಿಗೂ ಸರಿ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಗೆಲ್ಲುವುದು ಕಣ್ಣೆದುರಿಗೆ ಕಂಡಾಗ ನಿಲ್ಲಿಸುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಗೋಡೆಯ ಪಕ್ಕ ನಿಂತಿದ್ದ ಅಕ್ಕನ ಕಡೆ ತಿರುಗಿ ಕೇಳಿದೆ, ಅದೂ ಇಂಗ್ಲಿಷಿನಲ್ಲೇ. ಕೌದಿ ಇಲ್ಲದೆ ಮಾಡಿದ ಬ್ಯಾಚುಗಳ ದಾಖಲೆ ಇದೆಯೇ? ಹೋಲಿಸಿ ನೋಡಿದ್ದೀರಾ?

“ಅದಾವ್ರಿ” ಅಂದರು ಅಕ್ಕ.

“ವೇರ್?” ಅಂದೆ.

ಅವರು ನನ್ನನ್ನು ನೋಡಲಿಲ್ಲ. ಮೇಜಿನ ಆ ಕೊನೆಗೆ ಕೂತಿದ್ದ ಮ್ಯಾನೇಜರ್ ಮುಖ ನೋಡಿದರು. ಮ್ಯಾನೇಜರ್ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. “ನೆಕ್ಸ್ಟ್ ಸ್ಲೈಡ್” ಅಂದರು.

ಪರಿಶೀಲನೆಗೆ ಬಂದಿದ್ದವರು ತಮ್ಮ ಪ್ರತಿಯಲ್ಲಿದ್ದ ಕೌದಿಯ ಚಿತ್ರದ ಮೇಲೆ ಅಡ್ಡಗೆರೆ ಎಳೆದರು. ಆರ್ಡರು ಸಿಕ್ಕಿತು. ಸಂಜೆ ಬಸ್ಸಿನಲ್ಲಿ ಅಕ್ಕ ಎಂದಿನಂತೆ ಪಕ್ಕದಲ್ಲೇ ಕೂತರು. “ಭಾಳ ಛಲೋ ಮಾತಾಡ್ತಿಯವ್ವಾ” ಅಂದರು. ಅದರಲ್ಲಿ ವ್ಯಂಗ್ಯವಿತ್ತೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ತಿಂಗಳೊಪ್ಪತ್ತಿನಲ್ಲಿ ಅವರನ್ನು ಕೆಳಗಿನ ಸ್ಟೋರ್ಸಿಗೆ ಹಾಕಿದರು. ರಾಸಾಯನಿಕದ ಡಬ್ಬಿಗಳು, ಕೈಗವಸು, ಹಳೆಯ ದಾಖಲೆ ಪುಸ್ತಕ, ಇವುಗಳ ಉಸ್ತುವಾರಿ. ಬ್ಯಾಚು ನಾನು ಮಾಡತೊಡಗಿದೆ.

ಮೊದಲ ತಿಂಗಳು ಎಲ್ಲ ಸರಿ ಇತ್ತು. ಎಲ್ಲ ಪರೀಕ್ಷೆಗಳಲ್ಲೂ ನನ್ನ ಕಪ್ಪು ಪಾಸಾಯಿತು. ನಾಲ್ಕನೆಯ ತಿಂಗಳಲ್ಲಿ ನನ್ನ ಸೀಸೆಯೊಂದನ್ನು ತಲೆಕೆಳಗು ಮಾಡಿದಾಗ ತಳದಲ್ಲಿ ಉಗುರಿನಗಲ ಕೆಸರು ಅಂಟಿಕೊಂಡೇ ಉಳಿಯಿತು. ಮರುವಾರ ಇನ್ನೊಂದು. ಆಮೇಲೆ ಗಿರಾಕಿಯ ದೂರಿನ ಮೇಲ್ ಬಂತು.

“ಮಗಾ, ಕೆಳಗಡೆ ಹೋಗಿ ಅಕ್ಕನ್ನ ಒಂದ್ ಮಾತು ಕೇಳೇ” ಅಂದ ಕಿರಣ್. “ಮೆಟ್ಲು ಇಳಿದ್ರೆ ಸಿಗ್ತಾರೆ.”

“ಏನಂತ ಕೇಳ್ಲಿ? ವಿಭೂತಿ ಎಷ್ಟು ಗ್ರಾಂ ಅಂತಾನಾ?”

ಅವನು ನಕ್ಕು ತನ್ನ ಬೆಂಚಿಗೆ ತಿರುಗಿದ. ನಾನು ಪಾಲಿಮರನ್ನು ಅನುಮಾನಿಸಿದೆ, ಕಣ ತಯಾರಿಸಲು ಹಾಕುವ ಅಮೋನಿಯಾವನ್ನು ಅನುಮಾನಿಸಿದೆ, ನೀರನ್ನು ಅನುಮಾನಿಸಿದೆ.

ಇಲ್ಲಿಯವರೆಗೆ ನನ್ನ ಪಕ್ಷಕ್ಕೆ ತೊಂದರೆ ಕೊಡುವ ಒಂದು ಸಂಗತಿಯನ್ನು ಹೇಳದೆ ಬಂದಿದ್ದೇನೆ. ಈಗ ಹೇಳುತ್ತೇನೆ. ರಾಸಾಯನಿಕ ತರಲು ನಾನು ವಾರಕ್ಕೆರಡು ಸಲ ಸ್ಟೋರ್ಸಿಗೆ ಇಳಿಯುತ್ತಿದ್ದೆ. ಅಕ್ಕ ಚೀಟಿ ಬರೆದುಕೊಂಡು, ಬಾಟಲಿ ಒರೆಸಿ ಕೊಟ್ಟು, ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದರು. “ಕುಂತೈತೇನವ್ವಾ?”

“ಇಲ್ಲ ಅಕ್ಕ. ಚೆನ್ನಾಗಿದೆ.”

“ಛಲೋ ಆತು ಬಿಡು.”

ಐದು ತಿಂಗಳು ಹೀಗೆ ಸುಳ್ಳು ಹೇಳಿದೆ. ಕೂತಿದೆ ಅಕ್ಕ ಎಂದಿದ್ದರೆ ಅವರು ಏನು ಹೇಳುತ್ತಿದ್ದರೋ. ಅದು ನನಗೆ ಈಗ ಗೊತ್ತಾಗುವ ದಾರಿಯೇ ಇಲ್ಲ. ಒಂದು ಭಾನುವಾರ ಬಟ್ಟೆ ಒಣಹಾಕುತ್ತಿದ್ದಾಗ ಅವರಿಗೆ ಎದೆನೋವು ಬಂತು. ಆಸ್ಪತ್ರೆ ಸೇರುವುದರೊಳಗೆ ಎಲ್ಲ ಮುಗಿದಿತ್ತು. ಸೋಮವಾರ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಯಾರೂ ಬರಲಿಲ್ಲ. ಡ್ರೈವರ್ ಚಂದಾಪುರದ ಅವರ ನಿಲ್ದಾಣದಲ್ಲಿ ಅಭ್ಯಾಸಬಲದಿಂದ ನಿಲ್ಲಿಸಿ, ಬಾಗಿಲು ತೆರೆದು, ಮತ್ತೆ ಮುಚ್ಚಿಕೊಂಡು ಹೊರಟ.

ಆಮೇಲಿನದು ಬೇಗ ಹೇಳಬಹುದು. ಎಲ್ಲವನ್ನೂ ಅನುಮಾನಿಸಿ ಮುಗಿದ ಮೇಲೆ ಉಳಿದದ್ದು ಆರಿಸುವ ಹಂತ ಒಂದೇ. ಕಂಪ್ಯೂಟರಿನಿಂದ ನಡೆಯುವ ಓವನ್ನಿನಲ್ಲಿ ಇಟ್ಟು, ಗಂಟೆಗೆ ಕೆಲವೇ ಡಿಗ್ರಿ ಇಳಿಯುವಂತೆ ಮಾಡಿ, ಇಡೀ ಒಂದು ದಿನ ಆರಿಸಿದೆ. ಆ ಬ್ಯಾಚು ಕೂರಲಿಲ್ಲ. ಎಂಟು ತಿಂಗಳಾಯಿತು, ಇನ್ನೂ ಕೂತಿಲ್ಲ. ಕಾರಣ ಸರಳ. ಹೊದಿಕೆಯ ತುದಿಗಳು ಸಾಲಾಗಿ ನಿಲ್ಲಲು ಸಮಯ ಬೇಕು. ಬೇಗ ಆರಿಸಿದರೆ ಅರ್ಧ ನಿಂತು, ಅರ್ಧ ಹಾಗೇ ಉಳಿದು, ನಡುವೆ ಸಂದು ಬೀಳುತ್ತದೆ. ತಿಂಗಳುಗಳು ಕಳೆದಂತೆ ಕಣಗಳು ಆ ಸಂದಿನಲ್ಲೇ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಥಂಡಿ ಬಡೀಬಾರ್ದು. ಅಕ್ಕ ತಮಾಷೆ ಮಾಡಿರಲಿಲ್ಲ. ನನಗೆ ಅರ್ಥವಾಗುವ ಭಾಷೆಯಲ್ಲೇ ಕಾರಣ ಹೇಳಿದ್ದರು.

ಕಂಪನಿಯಲ್ಲಿ ಚಪ್ಪಾಳೆ ತಟ್ಟಿದರು. ಪೇಟೆಂಟಿಗೆ ಹಾಕೋಣ ಎಂದಾಯಿತು. ಆವಿಷ್ಕಾರಕರು ಇಬ್ಬರು, ಮ್ಯಾನೇಜರ್ ಮತ್ತು ನಾನು.

ಗೂಡಿನಲ್ಲಿ ಅಕ್ಕನ ಸೀಸೆಗಳು ಈಗಲೂ ಇವೆ. ಬೆಳಿಗ್ಗೆ ನಾನೇ ಅವನ್ನು ಎತ್ತಿ, ತಲೆಕೆಳಗು ಮಾಡಿ, ಟಾರ್ಚು ಬಿಡುತ್ತೇನೆ. ಅವರು ಹೋಗಿ ಒಂದು ವರ್ಷವಾಯಿತು, ಅವರ ಕಪ್ಪು ಎಚ್ಚರವಾಗಿಯೇ ಇದೆ. ದೆವ್ವ ಗಿವ್ವ ನಾನು ನಂಬುವವಳಲ್ಲ. ಆದರೂ ಆ ಮಾತು ಮೊದಲು ಕಿವಿಗೆ ಬೀಳುತ್ತದೆ, ಆಮೇಲೆ ಕೈ ಸೀಸೆಗೆ ಹೋಗುತ್ತದೆ. ಕುಂತೈತೇನವ್ವಾ. ನಾನು ಬಾಯಿಬಿಟ್ಟು ಉತ್ತರ ಕೊಡುತ್ತೇನೆ. “ಇಲ್ಲ ಅಕ್ಕ.” ಈಗ ಅದು ನಿಜ. ಕಿರಣ್ ಒಮ್ಮೆ ಕೇಳಿಸಿಕೊಂಡ, ಏನೂ ರೇಗಿಸದೆ ಆಚೆ ಹೋದ.

ಹೋದ ವಾರ ಪೇಟೆಂಟು ವಕೀಲರು ಹಿಂದಿನ ದಾಖಲೆಗಳನ್ನು ಕೇಳಿದರು. ಸ್ಟೋರ್ಸಿಗೆ ಇಳಿದೆ. ಹಳೆಯ ಪುಸ್ತಕಗಳನ್ನು ಅಕ್ಕ ವರ್ಷವಾರು ಕಟ್ಟಿ ಇಟ್ಟಿದ್ದರು. ನಾನು ಕಂಪನಿ ಸೇರುವುದಕ್ಕೆ ಎಷ್ಟೋ ವರ್ಷ ಮುಂಚಿನ ಒಂದು ಪುಸ್ತಕದಲ್ಲಿ, ನಡುವಿನ ಪುಟದಲ್ಲಿ, ಅದೇ ದುಂಡನೆಯ ಅಕ್ಷರ. ಕನ್ನಡದಲ್ಲಿ. ಅಡ್ಡಗೆರೆ ಉದ್ದಗೆರೆ ಹಾಕಿದ ಪಟ್ಟಿ. ಕೌದಿ ಇಲ್ಲದೆ. ಒಂದು ಸುತ್ತು ಕೌದಿ. ಎರಡು ಸುತ್ತು ಕೌದಿ. ಎರಡು ಸುತ್ತು, ಮರಳಿನ ಬಕೆಟ್ಟು. ಪ್ರತಿಯೊಂದಕ್ಕೂ ಗಂಟೆಗೊಮ್ಮೆ ನೋಡಿದ ಉಷ್ಣತೆ. ಪ್ರತಿ ಸಾಲಿನ ಕೊನೆಗೆ ತಿಂಗಳುಗಳ ಲೆಕ್ಕ: ಮೂರಕ್ಕೆ ಕೂತಿತು, ಐದಕ್ಕೆ ಕೂತಿತು, ಕೂತಿಲ್ಲ, ಕೂತಿಲ್ಲ. ನಾನು ಸಭೆಯಲ್ಲಿ ಕೇಳಿದ ದಾಖಲೆ ಇದೇ. ಅದಾವ್ರಿ ಎಂದಿದ್ದರಲ್ಲ, ಇದ್ದವು.

ಪುಟದ ಬುಡದಲ್ಲಿ ‘ಪರಿಶೀಲಿಸಲಾಗಿದೆ’ ಎಂಬ ರಬ್ಬರ್ ಸ್ಟ್ಯಾಂಪು. ಅದರ ಮೇಲೆ ಹಸಿರು ಶಾಯಿಯಲ್ಲಿ ಮ್ಯಾನೇಜರ್ ಸಹಿ.

ಸ್ಟೋರ್ಸಿನ ಸ್ಟೂಲಿನ ಮೇಲೆ ಕೂತು ಆ ಪುಟವನ್ನು ಮೊದಲಿನಿಂದ ಮತ್ತೆ ಓದಿದೆ. ಸಭೆಯ ದಿನ ಅಕ್ಕ ಕೆಳಗೆ ಬಂದು ಈ ಪುಸ್ತಕ ಒಯ್ದಿದ್ದರೆ ಎರಡು ನಿಮಿಷದಲ್ಲಿ ನನ್ನ ಬಾಯಿ ಮುಚ್ಚುತ್ತಿತ್ತು. ಜೊತೆಗೆ, ಕಾರ್ಯವಿಧಾನದ ಪುಸ್ತಕದಲ್ಲಿಲ್ಲದ ಹಂತಕ್ಕೆ ವರ್ಷಗಳ ಕಾಲ ಸಹಿ ಹಾಕುತ್ತ ಬಂದ ಮ್ಯಾನೇಜರ್ ಗಿರಾಕಿಯ ಎದುರು ಸಿಕ್ಕಿಬೀಳುತ್ತಿದ್ದರು. ಅಕ್ಕ ಅವರ ಮುಖ ನೋಡಿದ್ದು ಸಹಾಯಕ್ಕಲ್ಲ, ಹೇಳಲೇ ಎಂದು ಅನುಮತಿಗೆ. ಇದು ನನ್ನ ಊಹೆ. ಊಹೆಯನ್ನು ಸಾಕ್ಷಿ ಎನ್ನಬಾರದೆಂದು ಗೊತ್ತಿದೆ. ಆದ್ದರಿಂದ ಕೇಳಲು ಹೋದೆ.

ಮ್ಯಾನೇಜರ್ ಕೋಣೆಯ ಮೇಜಿನ ಮೇಲೆ ಪೇಟೆಂಟಿನ ನಮೂನೆ ಸಿದ್ಧವಾಗಿತ್ತು. ‘ನಿಜವಾದ ಮತ್ತು ಮೊದಲ ಆವಿಷ್ಕಾರಕರು’ ಎಂಬ ಘೋಷಣೆಯ ಕೆಳಗೆ ಅವರ ಸಹಿ ಬಿದ್ದಿತ್ತು. ನನ್ನ ಜಾಗ ಖಾಲಿ ಇತ್ತು.

“ಸೈನ್ ಮಾಡಮ್ಮ, ಕೊರಿಯರ್ ಬರ್ತಾನೆ.”

ಪುಸ್ತಕವನ್ನು ನಮೂನೆಯ ಮೇಲೆ ತೆರೆದಿಟ್ಟೆ. ಅವರು ಕನ್ನಡಕ ಹಾಕಿಕೊಂಡರು. ಪಟ್ಟಿಯ ಮೇಲೆ ಬೆರಳಾಡಿಸುತ್ತ ಕೆಳಗಿನವರೆಗೆ ಬಂದು ನಿಂತರು.

“ನೋಡು,” ಅಂದರು ಕೊನೆಗೆ, “ಆಯಮ್ಮ ಒಳ್ಳೆಯವರು. ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಕೌದಿ ಅಂತ ಬರೆದು ಪೇಟೆಂಟ್ ಆಗುತ್ತಾ? ನಂಬರ್ ಕಂಡುಹಿಡಿದದ್ದು ನೀನು. ಓವನ್ ನಿಂದು.”

“ನಂಬರ್ ಇಲ್ಲೇ ಇದೆ ಸಾರ್. ಗಂಟೆಗಂಟೆಗೂ ಬರೆದಿದಾರೆ. ನಾನು ತಿಂಗಳುಗಟ್ಟಲೆ ಹುಡುಕಿದ್ದು ಈ ನಾಲ್ಕನೇ ಸಾಲನ್ನ. ಮೊದಲನೇ ಹೆಸರು ಅವರದಾಗ್ಬೇಕು. ಇಲ್ಲಾಂದ್ರೆ ನಾನು ಸೈನ್ ಮಾಡಲ್ಲ.”

“ಹೋದೋರಿಗೆ ಹೆಸರು ಕಟ್ಕೊಂಡು ಏನಾಗ್ಬೇಕು? ನಿನ್ ಕೆರಿಯರ್ ನೋಡ್ಕೋ. ಆವತ್ತು ಅವರ ಕೆಲಸಾನ ಮೀಟಿಂಗಲ್ಲಿ ಹೊಡೆದು ಹಾಕಿದ್ದು ಯಾರು, ನಾನಾ?”

“ನಾನೇ ಸಾರ್. ಅದನ್ನ ಎಲ್ಲಿ ಬೇಕಾದ್ರೂ ಬರ್ಕೊಡ್ತೀನಿ. ನಂಗೆ ಈ ಪುಟ ಗೊತ್ತಿರ್ಲಿಲ್ಲ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊರಗೆ ಹೊಸೂರು ರಸ್ತೆಯ ಲಾರಿಗಳ ಸದ್ದು. ಕೊರಿಯರಿನವನು ಬಾಗಿಲ ಬಳಿ ಬಂದು ನಿಂತು, ನಮ್ಮಿಬ್ಬರನ್ನೂ ನೋಡಿ, ಹಿಂದೆ ಸರಿದ. ಚರ್ಚಾಸ್ಪರ್ಧೆಯಲ್ಲಿ ಇಂಥ ಪ್ರಶ್ನೆಯನ್ನು ಕೊನೆಗೆ ಉಳಿಸಿಕೊಳ್ಳಲು ಹೇಳಿಕೊಡುತ್ತಾರೆ. ಹೌದೆಂದರೂ ಇಲ್ಲವೆಂದರೂ ಎದುರಾಳಿ ಸೋಲುವಂಥದು. ನನಗೆ ಅವರನ್ನು ಸೋಲಿಸುವುದು ಬೇಕಿರಲಿಲ್ಲ. ಉತ್ತರ ಬೇಕಿತ್ತು. ಬೆರಳನ್ನು ಹಸಿರು ಶಾಯಿಯ ಪಕ್ಕ ಇಟ್ಟು, ದನಿ ಎತ್ತದೆ ಕೇಳಿದೆ:

“ಈ ಸಹಿ ಹಾಕುವಾಗ ನೀವು ಪುಟ ಓದಿದ್ರಾ ಸಾರ್, ಇಲ್ವಾ?”